ಟೊಳ್ಳು ಸೂಜಿ

ಹೋದ ಆಷಾಢದ ಒಂದು ಸಂಜೆ. ಬಚ್ಚಲೊಲೆಗೆ ಅಡಿಕೆ ಸಿಪ್ಪೆ ತುಂಬಿ, ಹಂಡೆಯ ನೀರು ಕಾಯುವುದನ್ನೇ ನೋಡುತ್ತ ಕೂತಿದ್ದೆ. ನಾಲ್ಕು ಗಂಟೆಗೆ ಹೋದ ಕರೆಂಟು ಇನ್ನೂ ಬಂದಿರಲಿಲ್ಲ. ಮಳೆ ಒಂದೇ ಸಮನೆ ಹೊಯ್ಯುತ್ತಿತ್ತು. ಅಷ್ಟರಲ್ಲಿ ಪಕ್ಕದ ಮನೆಯ ಹುಡುಗ ಒಂದು ಕಣ್ಣನ್ನು ಅಂಗೈಯಲ್ಲಿ ಮುಚ್ಚಿಕೊಂಡು, ಇನ್ನೊಂದರಲ್ಲಿ ದಾರಿ ನೋಡಿಕೊಳ್ಳುತ್ತ ಬಂದ.

"ಮಾವ, ಕಣ್ಣಿಗೆ ಬಿಡೋ ಡ್ರಾಪ್ಸ್ ಏನಾದ್ರೂ ಇದ್ಯಾ ನಿಮ್ಮಲ್ಲಿ?"

ಅವನದು ಗೇಟು, ಗ್ರಿಲ್ಲು ಮಾಡುವ ಕೆಲಸ. ಮಧ್ಯಾಹ್ನ ಬೆಸುಗೆ ಹಾಕಿದ ಮೇಲೆ ಗ್ರೈಂಡರ್ ಹಿಡಿದು ಉಜ್ಜಿದ್ದಾನೆ. ಆಗಿನಿಂದ ಉರಿ. ಇದು ವೆಲ್ಡಿಂಗ್ ಬೆಳಕಿನ ಉರಿಯೇ ಎಂದು ತೀರ್ಮಾನಿಸಿದ ಅವನ ತಾಯಿ, ಕೇರಿಯ ಬಾಣಂತಿಯ ಹತ್ತಿರ ಎರಡು ಹನಿ ಎದೆಹಾಲು ಕೇಳಿಕೊಂಡು ಬರಲು ಹೊರಟಿದ್ದರಂತೆ. ನಾನು ಟಾರ್ಚ್ ಹಾಕಿ ನೋಡಿದೆ. ಕರಿಗುಡ್ಡೆಯ ಅಂಚಿನಲ್ಲಿ ಸಾಸಿವೆಯ ಕಾಲು ಭಾಗದಷ್ಟು ಒಂದು ಕಪ್ಪು ಚುಕ್ಕೆ. ಇದು ಬೆಳಕಿನ ಉರಿಯಲ್ಲ, ಕಬ್ಬಿಣ.

ಆ ಹೊತ್ತಿಗೆ ಪೇಟೆಗೆ ಬಸ್ಸಿಲ್ಲ. ಹಳ್ಳದ ನೀರು ಸೇತುವೆಗೆ ಬಂದಿತ್ತು, ಬೈಕಿನಲ್ಲೂ ದಾಟುವಂತಿಲ್ಲ. ಬೆಳಿಗ್ಗೆವರೆಗೆ ಮಾಡಬೇಕಾದ ಕೆಲಸ ಒಂದೇ: ಆ ಕಣ್ಣನ್ನು ಅವನು ಉಜ್ಜದ ಹಾಗೆ ನೋಡಿಕೊಳ್ಳುವುದು. ಹೇಳಿದಷ್ಟು ಸುಲಭವಲ್ಲ ಅದು. ಕೈ ತಾನಾಗಿಯೇ ಮೇಲೆ ಹೋಗುತ್ತದೆ. ನನಗೆ ಗೊತ್ತು, ನನ್ನ ಕೈಯೂ ಒಮ್ಮೆ ಹಾಗೆಯೇ ಹೋಗಿತ್ತು. ಒಲೆಯ ಮುಂದೆ ಮಣೆ ಹಾಕಿ ಕೂರಿಸಿ ಅದನ್ನೇ ಹೇಳತೊಡಗಿದೆ.

1983ರ ಜನವರಿ. ನನಗೆ ಇಪ್ಪತ್ತನಾಲ್ಕು. ಮುಂಬಯಿಯ ಏಜೆಂಟನಿಗೆ ದುಡ್ಡು ಕಟ್ಟಿ ಇರಾಕ್‌ಗೆ ಹೋಗಿದ್ದೆ, ಪೈಪ್ ಫಿಟ್ಟರ್ ಅಂತ. ಇರಾನ್ ಜೊತೆ ಯುದ್ಧ ಶುರುವಾಗಿ ಎರಡು ವರ್ಷ ದಾಟಿತ್ತು. ಅವರ ಗಂಡಸರೆಲ್ಲ ಗಡಿಯಲ್ಲಿ, ಕೆಲಸಕ್ಕೆ ನಮ್ಮಂಥವರು. ನಮ್ಮ ಸೈಟು ಉತ್ತರದಲ್ಲಿ, ಮೋಸುಲ್ ಪಟ್ಟಣದ ಹೊರಗೆ, ಟೈಗ್ರಿಸ್ ನದಿಯ ದಂಡೆಯಲ್ಲಿ. ಮರಳುಗಾಡು ಅಂದರೆ ಬರೀ ಸೆಕೆ ಎಂದುಕೊಂಡು ಹೋದವನು ನಾನು. ಅಲ್ಲಿಯ ಚಳಿಗೆ ಬೆರಳು ಮಡಚಲು ಬರುತ್ತಿರಲಿಲ್ಲ. ಕಂಪನಿ ಕೊಟ್ಟ ಕನ್ನಡಕ ಗೀರು ಬಿದ್ದು ಬಿದ್ದು ಮಂಜಿನ ಗಾಜಿನಂತಾಗಿತ್ತು. ಅದನ್ನು ಹಣೆಯ ಮೇಲೇರಿಸಿ ಪೈಪಿನ ಬಾಯಿ ಉಜ್ಜುತ್ತಿದ್ದೆ. ಒಂದು ಕಿಡಿ ಹಾರಿತು.

ಮೊದಲು ಬಿಹಾರದ ಒಬ್ಬ ಕರವಸ್ತ್ರದ ಮೂಲೆ ಹೊಸೆದು ತೆಗೆಯಲು ನೋಡಿದ. ಬರಲಿಲ್ಲ. ಆಮೇಲೆ ನಮ್ಮ ಎಲೆಕ್ಟ್ರಿಷಿಯನ್‌ಗೆ ಒಂದು ಉಪಾಯ ಹೊಳೆಯಿತು. ಹಾಳಾದ ಟೇಪ್ ರೆಕಾರ್ಡರಿನ ಸ್ಪೀಕರ್ ಬಿಚ್ಚಿ, ಅದರೊಳಗಿನ ಅಯಸ್ಕಾಂತ ತಂದು ನನ್ನ ಕಣ್ಣಿನ ಮುಂದೆ ಹಿಡಿದ. ಕಬ್ಬಿಣ ತಾನೇ, ಬರಲೇಬೇಕಲ್ಲ! ಬರಲಿಲ್ಲ. ರಾತ್ರಿಯೆಲ್ಲ ಉಜ್ಜಿಕೊಂಡೆ. ಮಾರನೆ ದಿನ ಕಣ್ಣು ತೆರೆಯಲಾರದಷ್ಟು ಊದಿತು, ಫೋರ್‌ಮನ್ ಜೀಪಿನಲ್ಲಿ ಪಟ್ಟಣಕ್ಕೆ ಕರೆದೊಯ್ದ.

ಹಳೇ ಪೇಟೆಯ ಒಂದು ಓಣಿಯಲ್ಲಿ ಕಣ್ಣಿನ ಡಾಕ್ಟರು. ಎಪ್ಪತ್ತರ ಹತ್ತಿರದ ಮುದುಕ, ಬ್ರಿಟನ್‌ನಲ್ಲಿ ಓದಿ ಬಂದವರು. ನರ್ಸ್ ಕೇರಳದವಳು. ಅವಳನ್ನು ನೋಡಿ ಅರ್ಧ ಜೀವ ಬಂತು, ಡಾಕ್ಟರ ಕೈಯಲ್ಲಿ ಸೂಜಿ ನೋಡಿ ಅದೂ ಹೋಯಿತು. ಕಣ್ಣಿಗೆ ಮರಗಟ್ಟುವ ಹನಿ ಹಾಕಿದ್ದರೂ ಸೂಜಿ ಬರುವುದು ಕಾಣುತ್ತದೆ, ನೋಡಿ! "ಅನಂಗಲ್ಲೇ ಚೇಟ್ಟಾ, ಅನಂಗಲ್ಲೇ" ಎನ್ನುತ್ತ ಅವಳು ನನ್ನ ತಲೆಯನ್ನು ಹಿಂದಿನಿಂದ ಒತ್ತಿ ಹಿಡಿದಳು. ಅಲ್ಲಾಡಬೇಡ ಎಂದರ್ಥ. ಸೂಜಿಯ ಮೊನೆಯಿಂದ ಒಂದೇ ಸಲ ಎತ್ತಿ, ಬಿಳಿ ಹತ್ತಿಯ ಮೇಲಿಟ್ಟು ತೋರಿಸಿದರು. ಕಂಡೂ ಕಾಣದಷ್ಟು. ಅಷ್ಟಕ್ಕೆ ನಾನು ಎರಡು ದಿನ ಊಟ ಬಿಟ್ಟಿದ್ದೆ. ಕಬ್ಬಿಣ ಕೂತ ಜಾಗದಲ್ಲಿ ತುಕ್ಕಿನ ಉಂಗುರ ಉಳಿದಿದೆ, ಅದು ಸ್ವಲ್ಪ ಸಡಿಲವಾಗಲಿ, ಎರಡು ದಿನ ಬಿಟ್ಟು ಬಾ ಎಂದು ಪಟ್ಟಿ ಕಟ್ಟಿದರು.

ಕತೆ ಶುರುವಾದದ್ದು ಆಮೇಲೆ. ಸಂಜೆ ಬರುತ್ತೇನೆ ಎಂದು ಹೋದ ಜೀಪು ಬರಲಿಲ್ಲ. ಹೊರಗೆ ಮಳೆ, ಮಳೆಯೊಂದಿಗೆ ಹಿಮದ ತುಣುಕು. ಡಾಕ್ಟರು ನನ್ನನ್ನು ಒಳಗಿನ ಕೋಣೆಗೆ ಕರೆದು ಸೀಮೆಎಣ್ಣೆ ಹೀಟರಿನ ಪಕ್ಕ ಕೂರಿಸಿದರು. ಅಲ್ಲಾದ್ದೀನ್ ಅಂತ ಅದರ ಹೆಸರು. ಆ ದೇಶದಲ್ಲಿ ಅದಿಲ್ಲದ ಮನೆಯೇ ಇರಲಿಲ್ಲ. ಅದರ ನೆತ್ತಿಯ ಮೇಲೆ ಚಹಾದ ಕೆಟಲ್. ಸೊಂಟ ಸಣ್ಣಗಿರುವ ಪುಟ್ಟ ಗಾಜಿನ ಲೋಟದಲ್ಲಿ ಕಪ್ಪು ಚಹಾ, ತಳದಲ್ಲಿ ಬೆರಳಗಲ ಸಕ್ಕರೆ.

ಸ್ಪೀಕರಿನ ಅಯಸ್ಕಾಂತದ ಸಂಗತಿಯನ್ನು ನರ್ಸ್ ನಗುನಗುತ್ತ ಅವರಿಗೆ ಹೇಳಿಬಿಟ್ಟಳು. ನನಗೆ ನಾಚಿಕೆಯಾಯಿತು. ಅವರು ನಗಲಿಲ್ಲ. "ನಿನ್ನ ಗೆಳೆಯ ದಡ್ಡನಲ್ಲ" ಎಂದರು. "1879ರಲ್ಲಿ ಬರ್ಲಿನ್‌ನ ಹಿರ್ಷ್‌ಬರ್ಗ್ ಎಂಬ ಕಣ್ಣಿನ ವೈದ್ಯ ವಿದ್ಯುತ್ ಅಯಸ್ಕಾಂತದಿಂದಲೇ ಕಣ್ಣಿನ ಒಳಗೆ ಹೊಕ್ಕ ಕಬ್ಬಿಣದ ಚೂರು ತೆಗೆದ. ಅದೇ ಹಿರ್ಷ್‌ಬರ್ಗ್ ವಯಸ್ಸಾದ ಮೇಲೆ ಅರಬ್ಬಿ ಕಲಿತ. ಯಾಕೆ ಗೊತ್ತೇ? ಈ ಊರಿನ ಒಬ್ಬನ ಪುಸ್ತಕ ಓದಲು."

ಹುಡುಗನ ಕೈ ಮೇಲೆ ಹೊರಟಿತ್ತು. "ಕೈ ಇಳಿಸು" ಎಂದೆ. ಇಳಿಸಿದ.

ಆ ಊರಿನವನ ಹೆಸರು ಅಮ್ಮಾರ್. ಅಮ್ಮಾರ್ ಇಬ್ನ್ ಅಲಿ ಅಲ್-ಮೌಸಿಲಿ, ಅಂದರೆ ಅಲಿಯ ಮಗ, ಮೋಸುಲಿನವ. ಸಾವಿರ ವರ್ಷದ ಹಿಂದಿನ ಮನುಷ್ಯ. ಕೆಲಸ ಕಹ್ಹಾಲ್. ನಮ್ಮ ಕಡೆ ಕಾಡಿಗೆ, ಸುರ್ಮಾ ಇದ್ದಂತೆ ಅವರಲ್ಲಿ ಕುಹ್ಲ್. ಕುಹ್ಲ್ ಹಚ್ಚುವವನು ಕಹ್ಹಾಲ್. ಕಣ್ಣಿನ ವೈದ್ಯನಿಗೆ ಅದೇ ಹೆಸರು ನಿಂತಿತು. ಆಲ್ಕೋಹಾಲ್ ಎಂಬ ಮಾತು ಹುಟ್ಟಿದ್ದೂ ಅದೇ ಕುಹ್ಲ್‌ನಿಂದ. ಕಣ್ಣಿಗೆ ಹಚ್ಚುವುದಕ್ಕೂ ಕಣ್ಣು ಮಂಜಾಗಿಸುವುದಕ್ಕೂ ಒಂದೇ ಬೇರು.

ಅಮ್ಮಾರ್ ಊರೂರು ತಿರುಗಿದ ವೈದ್ಯ. ಹೋದಲ್ಲೆಲ್ಲ ಕಣ್ಣಿಗೆ ಸೂಜಿ ಹಾಕುತ್ತ, ಕೊನೆಗೆ ಕೈರೋಕ್ಕೆ ಬಂದು ನೆಲೆನಿಂತ. ಅಲ್ಲಿ ಆಗ ಫಾತಿಮಿ ಖಲೀಫ ಅಲ್-ಹಾಕಿಮ್‌ನ ಆಳ್ವಿಕೆ, 996ರಿಂದ 1021ರವರೆಗೆ. ಅವನ ತಿಕ್ಕಲುತನ ಇವತ್ತಿಗೂ ಈಜಿಪ್ಟಿನವರ ಬಾಯಲ್ಲಿದೆ. ಮುಲೂಖಿಯಾ ಎಂಬ ಸೊಪ್ಪಿನ ಸಾರನ್ನು ತಿನ್ನಬಾರದೆಂದು ಆಜ್ಞೆ ಹೊರಡಿಸಿದವನು. ಒಂದು ರಾತ್ರಿ ಕತ್ತೆಯ ಮೇಲೆ ಕೂತು ಮುಕತ್ತಮ್ ಗುಡ್ಡದ ಕಡೆ ಹೋದವನು ತಿರುಗಿ ಬರಲೇ ಇಲ್ಲ. ಅಮ್ಮಾರ್ ತನ್ನ ಪುಸ್ತಕ ಅರ್ಪಿಸಿದ್ದು ಈ ದೊರೆಗೆ. ಅದೇ ದೊರೆಗೆ ನೈಲ್ ನದಿಯನ್ನು ಹದ್ದುಬಸ್ತಿಗೆ ತರುತ್ತೇನೆಂದು ಮಾತು ಕೊಟ್ಟು, ಆಗದೆಂದು ತಿಳಿದ ಮೇಲೆ ಪ್ರಾಣಭಯದಿಂದ ಹುಚ್ಚನಂತೆ ನಟಿಸಿದನೆಂದು ಜನ ಹೇಳುವ ಇಬ್ನ್ ಅಲ್-ಹೈಥಮ್ ಕೂಡ ಆಗ ಅದೇ ಊರಿನಲ್ಲಿದ್ದ. ಬೆಳಕು ಕಣ್ಣಿನಿಂದ ಹೊರಟು ವಸ್ತುವಿಗೆ ತಾಗುವುದಿಲ್ಲ, ವಸ್ತುವಿನಿಂದ ಕಣ್ಣಿಗೆ ಬರುತ್ತದೆ ಎಂದು ಏಳು ಭಾಗಗಳ ಪುಸ್ತಕದಲ್ಲಿ ತೋರಿಸಿಕೊಟ್ಟವನು. ಒಬ್ಬ ಕಣ್ಣು ತೆರೆಸುವವನು, ಇನ್ನೊಬ್ಬ ಕಣ್ಣು ಹೇಗೆ ಕಾಣುತ್ತದೆಂದು ಲೆಕ್ಕ ಹಾಕುವವನು. ಕೈರೋದ ಯಾವುದಾದರೂ ಓಣಿಯಲ್ಲಿ ಇಬ್ಬರೂ ಎದುರಾಗಿದ್ದರೆ ಏನು ಮಾತಾಡಿಕೊಂಡಿರಬಹುದು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಆ ಕಾಲದಲ್ಲಿ ಪೊರೆಗೆ ಸಾಮಾನ್ಯವಾಗಿದ್ದ ಚಿಕಿತ್ಸೆ ಒಂದೇ. ಕಣ್ಣಿನ ಬಿಳಿಯಲ್ಲಿ, ಕರಿಗುಡ್ಡೆಯಿಂದ ಸ್ವಲ್ಪ ದೂರದಲ್ಲಿ ಸೂಜಿ ಚುಚ್ಚಿ, ಒಳಗೇ ಓರೆ ಮಾಡಿ, ಪೊರೆಯನ್ನು ಕೆಳಕ್ಕೆ ಒತ್ತುವುದು. ಕಿಟಕಿಗೆ ಅಡ್ಡ ನಿಂತವನನ್ನು ಹೆಗಲು ಹಿಡಿದು ಕೂರಿಸಿದ ಹಾಗೆ. ಬೆಳಕು ಒಳಗೆ ಬರುತ್ತದೆ, ಆದರೆ ಕೂತವನು ಒಳಗೇ ಇರುತ್ತಾನೆ, ಮತ್ತೆ ಏಳಲೂಬಹುದು. ಗಟ್ಟಿ ಪೊರೆ ಒತ್ತಿದರೆ ಕೂರುತ್ತದೆ. ಮೆತ್ತಗಿನದು ಒಡೆದು ಹರಡುತ್ತದೆ. ಅಮ್ಮಾರ್‌ನ ಉಪಾಯ ಆ ಮೆತ್ತಗಿನದಕ್ಕೆ. ಲೋಹದ ಸೂಜಿಯನ್ನೇ ಕೊಳವೆಯಂತೆ ಟೊಳ್ಳಾಗಿ ಮಾಡಿಸಿದ. ಚುಚ್ಚಿದ, ಪೊರೆಗೆ ತಾಗಿಸಿದ, ಆಚೆ ತುದಿಯಿಂದ ಹೀರಿ ತೆಗೆದ. ನಾನು ಪೈಪ್ ಕೆಲಸದವನು. ಡಾಕ್ಟರು ಪ್ರಿಸ್ಕ್ರಿಪ್ಷನ್ ಚೀಟಿಯ ಹಿಂದೆ ಆ ಸೂಜಿಯ ಚಿತ್ರ ಬರೆದು ತೋರಿಸಿದಾಗ ನನಗೆ ಮೊದಲು ಹೊಳೆದದ್ದು ವೈದ್ಯನಲ್ಲ, ಅದನ್ನು ಮಾಡಿಕೊಟ್ಟ ಅಕ್ಕಸಾಲಿ. ಕಣ್ಣಿಗೆ ಹೋಗುವಷ್ಟು ಸಪೂರ ಕಡ್ಡಿಯ ಉದ್ದಕ್ಕೂ ತೂತು! ಲೇತು ಇಲ್ಲ, ಡ್ರಿಲ್ ಇಲ್ಲ. ಅವನ ಹೆಸರನ್ನು ಯಾರೂ ಬರೆದಿಟ್ಟಿಲ್ಲ.

ಅಮ್ಮಾರ್ ಮಾತ್ರ ತನ್ನ ಕೆಲಸ ಬರೆದಿಟ್ಟ. ತಾನೇ ಮಾಡಿದ ಆರು ಪೊರೆ ಶಸ್ತ್ರಕ್ರಿಯೆಗಳ ವಿವರ ಆ ಪುಸ್ತಕದಲ್ಲಿದೆ. ಹದಿಮೂರನೆಯ ಶತಮಾನದಲ್ಲಿ ಅದು ಹೀಬ್ರೂ ಭಾಷೆಗೆ ಹೋಯಿತು. 1905ರ ಹೊತ್ತಿಗೆ ಹಿರ್ಷ್‌ಬರ್ಗ್ ಮತ್ತು ಜೊತೆಗಾರರಿಂದ ಜರ್ಮನ್‌ಗೆ ಬಂತು. ನನ್ನ ಮಟ್ಟಿಗೆ ಅಮ್ಮಾರ್‌ನನ್ನು ದೊಡ್ಡವನನ್ನಾಗಿ ಮಾಡುವುದು ಸೂಜಿಗಿಂತ ಈ ಆರು ಸಂಗತಿಗಳು. ಹಿಂದಿನವರು ಹೇಳಿದ್ದನ್ನು ಹೇಳುವವರು ಬಹಳ. ತನ್ನ ಕೈಯಲ್ಲಿ ಆದದ್ದನ್ನು ಹೇಳುವವರು ಕಡಿಮೆ.

"ಮಾವ, ಅವರಿಗೆ ನೋವಾಗ್ತಿರ್ಲಿಲ್ವಾ?" ಹುಡುಗ ಕೇಳಿದ.

ಆಗುತ್ತಿತ್ತು, ಮತ್ತೆ. ಅದೇ ಕಾಲಕ್ಕೆ ಬಾಗ್ದಾದಿನಲ್ಲಿ ಅಲಿ ಇಬ್ನ್ ಈಸಾ ಎಂಬ ಇನ್ನೊಬ್ಬ ಕಹ್ಹಾಲ್ ಇದ್ದ. ಅವನು ಬರೆದ ಕೈಪಿಡಿ ಮೂರು ಭಾಗ. ಮೊದಲನೆಯದರಲ್ಲಿ ಕಣ್ಣಿನ ರಚನೆ, ಎರಡನೆಯದರಲ್ಲಿ ಹೊರಗೆ ಕಾಣುವ ರೋಗಗಳು, ಮೂರನೆಯದರಲ್ಲಿ ಕಾಣದವು. ಹೆಸರೇ ಹೇಳುವಂತೆ ಕಹ್ಹಾಲರ ನೆನಪಿಗಾಗಿ ಮಾಡಿದ ಪುಸ್ತಕ. ಮುಂದಿನ ಎಷ್ಟೋ ಶತಮಾನ ಕಣ್ಣಿನ ವೈದ್ಯರು ಅದನ್ನು ಓದದೆ ಬಿಡಲಿಲ್ಲ. ಅಫೀಮು, ಮಂಪರು ತರಿಸುವ ಬೇರು ಇವೆಲ್ಲ ಆ ವೈದ್ಯರಿಗೆ ಗೊತ್ತಿದ್ದವು. ಆದರೂ ಹಿಂದಿನಿಂದ ತಲೆ ಒತ್ತಿ ಹಿಡಿಯುವ ಒಬ್ಬ ಸಹಾಯಕ ಬೇಕೇ ಬೇಕಿತ್ತು. ಮೋಸುಲಿನಲ್ಲಿ ನನಗೆ ಆ ನರ್ಸ್ ಬೇಕಾದ ಹಾಗೆ.

ಔಷಧಿಯ ಕಡೆ ನೋಡಿದರೆ ಅದು ನಮ್ಮ ಅಜ್ಜಿಯಂದಿರ ಅಡುಗೆಮನೆಯಂತೆಯೇ ಕಾಣುತ್ತದೆ. ಪುಡಿಗಳನ್ನು ಅಂಟಿನಲ್ಲಿ ಕಲಸಿ ಕಡ್ಡಿ ಮಾಡಿ ಒಣಗಿಸುವುದು, ಬೇಕಾದಾಗ ಕಲ್ಲಿನ ಮೇಲೆ ತೇಯುವುದು, ಗಂಧ ತೇಯ್ದ ಹಾಗೆ. ತೇಯಲು ನೀರು, ಇಲ್ಲವೆ ಮೊಟ್ಟೆಯ ಬಿಳಿ, ಇಲ್ಲವೆ ಎದೆಹಾಲು. ಎದೆಹಾಲು ಎಂದಾಗ ಹುಡುಗ ಒಂದೇ ಕಣ್ಣಲ್ಲಿ ನನ್ನನ್ನು ದುರುಗುಟ್ಟಿದ, ನಾನು ಅವನ ತಾಯಿಯ ಪರ ವಕೀಲಿ ಮಾಡುತ್ತಿದ್ದೇನೆ ಎಂಬಂತೆ. ಅಲ್ಲ. ಕಬ್ಬಿಣ ಕೂತ ಕಣ್ಣಿಗೆ ಹಾಲು ಬಿಟ್ಟರೆ ಕಬ್ಬಿಣ ಕರಗುವುದಿಲ್ಲ, ಹಾಲು ಒಳಗೆ ಹುಳಿಯಬಹುದು ಅಷ್ಟೇ. ಅವರ ಇನ್ನೊಂದು ದೊಡ್ಡ ಮದ್ದು ತೂತಿಯಾ. ಅದು ಸತುವಿನ ಭಸ್ಮ. ಸಂಸ್ಕೃತದ ತುತ್ಥವೇ ಅಲ್ಲಿ ತೂತಿಯಾ ಆಯಿತು, ಇಲ್ಲಿ ನಾವು ಅಡಿಕೆ ಮರಕ್ಕೆ ಹೊಡೆಯುವ ಮೈಲುತುತ್ತದಲ್ಲಿ ಉಳಿಯಿತು ಎನ್ನುತ್ತಾರೆ. ಹಾಗೆಂದು ಕೊಟ್ಟಿಗೆಯಲ್ಲಿರುವ ಚೀಲಕ್ಕೆ ಕೈ ಹಾಕಬೇಡ, ಅದು ತಾಮ್ರದ್ದು ಎಂದೆ. ತಮಾಷೆಯ ಮಾತಲ್ಲ ಅದು. ರೆಪ್ಪೆಯ ಒಳಗೆ ಕಾಳುಕಾಳಾಗಿ ಏಳುವ ಟ್ರಕೋಮಾ ರೋಗಕ್ಕೆ ಇಪ್ಪತ್ತನೆಯ ಶತಮಾನದಲ್ಲೂ ಮೈಲುತುತ್ತದ ಕಡ್ಡಿಯಿಂದಲೇ ಉಜ್ಜುತ್ತಿದ್ದರು. ಸಲ್ಫಾ ಮಾತ್ರೆ ಬಂದ ಮೇಲೆ ಅದು ನಿಂತಿತು. ಆ ರೋಗದಲ್ಲಿ ಕಣ್ಣಿನ ಮೇಲೆ ಹಬ್ಬುವ ರಕ್ತನಾಳಗಳ ಜಾಲವನ್ನು ಸಣ್ಣ ಕೊಕ್ಕೆಗಳಿಂದ ಎತ್ತಿ ಎತ್ತಿ ಕತ್ತರಿಸುವ ವಿದ್ಯೆ ಅರಬ್ಬಿ ಕಹ್ಹಾಲರಿಗೆ ತಿಳಿದಿತ್ತು.

ಮುದುಕ ಡಾಕ್ಟರಿಗೆ ತಮ್ಮ ಊರಿನ ಹೆಮ್ಮೆ ಇತ್ತು, ಕುರುಡು ಹೆಮ್ಮೆ ಇರಲಿಲ್ಲ. "ನೀನು ಹಿಂದ್‌ನವನು. ಪೊರೆ ಒತ್ತುವುದು ನಿಮ್ಮ ಸುಶ್ರುತನ ಪುಸ್ತಕದಲ್ಲಿ ಇದೆ, ನಮಗಿಂತ ಎಷ್ಟೋ ಮೊದಲು" ಎಂದರು. ಬಾಗ್ದಾದಿನ ಬರ್ಮಕಿ ಮಂತ್ರಿಗಳು ಆ ಪುಸ್ತಕವನ್ನು ಅರಬ್ಬಿಗೆ ತರಿಸಿದ್ದನ್ನು ನಾನು ಕೇಳಿದ್ದು ಅವರ ಬಾಯಲ್ಲೇ. ಸುಶ್ರುತ ಎಂಬ ಹೆಸರನ್ನು ನಮ್ಮ ಶಾಲೆಯಲ್ಲಿ ಹೇಳಿಕೊಟ್ಟಿದ್ದರೂ ನನ್ನ ತಲೆಯಲ್ಲಿ ನಿಂತಿರಲಿಲ್ಲ. ಮೋಸುಲಿನ ಸೀಮೆಎಣ್ಣೆ ಹೀಟರಿನ ಮುಂದೆ ನಿಂತಿತು.

ಆ ಕಹ್ಹಾಲರಿಗೆ ಗೊತ್ತಿಲ್ಲದ್ದೂ ಬಹಳವಿತ್ತು, ಡಾಕ್ಟರು ಅದನ್ನೂ ಹೇಳಿದರು. ಪೊರೆ ಅಂದರೆ ಮೇಲಿನಿಂದ ಕಣ್ಣಿಗೆ ಇಳಿದು ಬಂದು ಹೆಪ್ಪುಗಟ್ಟಿದ ನೀರು ಎಂದೇ ಅವರ ನಂಬಿಕೆ. ಅರಬ್ಬಿಯಲ್ಲಿ ಇವತ್ತಿಗೂ ಅದು ಬಿಳಿ ನೀರು. ಅದನ್ನೇ ಲ್ಯಾಟಿನ್‌ಗೆ ತಂದವರು ಜಲಪಾತ ಎಂದರು, ಇಂಗ್ಲಿಷಿನವರ ಕ್ಯಾಟರಾಕ್ಟ್ ಆ ಜಲಪಾತವೇ. ಮಂಜಾಗುವುದು ಕಣ್ಣಿನ ಮಸೂರವೇ ಎಂದು ಯುರೋಪಿನಲ್ಲಿ ಖಚಿತವಾದದ್ದು ಹದಿನೇಳನೆಯ ಶತಮಾನದ ನಡುವಿನಿಂದ ಹದಿನೆಂಟರ ಆರಂಭದೊಳಗೆ. ಅಮ್ಮಾರ್ ಹೀರಿ ತೆಗೆದದ್ದು ಮಸೂರವನ್ನು, ತೆಗೆದೆ ಎಂದುಕೊಂಡದ್ದು ನೀರನ್ನು. ನಕ್ಷೆ ತಪ್ಪಿತ್ತು, ಕೈ ಸರಿಯಿತ್ತು. ಕೆಲಸದ ಜಾಗದಲ್ಲಿ ಇದರ ತಿರುಗುಮುರುಗು ನಾನು ಹೆಚ್ಚು ಕಂಡಿದ್ದೇನೆ.

ಆ ನಕ್ಷೆ ಬಂದದ್ದು ಹುನೈನ್ ಇಬ್ನ್ ಇಸ್ಹಾಕ್ ಎಂಬ ಕ್ರೈಸ್ತ ಪಂಡಿತನಿಂದ. ಒಂಬತ್ತನೆಯ ಶತಮಾನ, ಬಾಗ್ದಾದ್. ಗ್ರೀಕ್ ವೈದ್ಯ ಗ್ಯಾಲೆನ್ ಹೇಳಿದ್ದನ್ನೆಲ್ಲ ಸೋಸಿ ಕಣ್ಣಿನ ಮೇಲೆ ಹತ್ತು ಪ್ರಬಂಧ ಬರೆದ. ಶತ್ರುವನ್ನು ಕೊಲ್ಲಲು ವಿಷ ಮಾಡಿಕೊಡು ಎಂದ ಖಲೀಫನಿಗೆ ಒಲ್ಲೆ ಎಂದು ಸೆರೆಮನೆ ಸೇರಿದನೆಂದು ಅವನ ಮೇಲೊಂದು ಕತೆಯೂ ಇದೆ. ಕಣ್ಣಿಗೆ ಏಳು ಪದರ, ಮೂರು ರಸ ಎಂದು ಅವನ ಲೆಕ್ಕ. ಕರಿಗುಡ್ಡೆಯ ಮೇಲಿನ ಗಾಜಿನಂಥ ಪದರಕ್ಕೆ ಅವರು ಕರ್ನಿಯ್ಯಾ ಎಂದರು, ಕೊಂಬಿನಂಥದ್ದು ಎಂದು. ತೆಳ್ಳಗೆ ಕೆತ್ತಿದ ಕೊಂಬಿನ ಸಿಬಿರು ಬೆಳಕಿಗೆ ಹಿಡಿದರೆ ಹಾಗೆಯೇ ಕಾಣುತ್ತದೆ. ಈಗಿನ ಕಾರ್ನಿಯಾ ಎಂಬ ಲ್ಯಾಟಿನ್ ಮಾತಿಗೂ ಅದೇ ಅರ್ಥ. ನನ್ನ ಕಿಡಿ ಕೂತಿದ್ದು ಅದರ ಮೇಲೆ.

ಈ ಏಳು ಪದರದ ಮೇಲೆ ಡಾಕ್ಟರು ಒಂದು ಕತೆ ಹೇಳಿದರು. ಇಂದಿನ ತೆಹರಾನ್ ಹತ್ತಿರದ ರೇಯ್ ಊರಿನ ಅಲ್-ರಾಝಿ ದೊಡ್ಡ ವೈದ್ಯ. ಬೆಳಕು ಬಿದ್ದರೆ ಕಣ್ಣಿನ ಪಾಪೆ ಕಿರಿದಾಗುವುದನ್ನು ಗಮನಿಸಿ ಬರೆದವನು. ಮುಪ್ಪಿನಲ್ಲಿ ಅವನ ಕಣ್ಣಿಗೇ ಪೊರೆ ಬಂತು. ಸೂಜಿ ಹಾಕಲು ಬಂದ ಕಹ್ಹಾಲನನ್ನು ಕೇಳಿದನಂತೆ, ಕಣ್ಣಿಗೆ ಎಷ್ಟು ಪದರ? ಬಂದವನು ತಡವರಿಸಿದ. ಗೊತ್ತಿಲ್ಲದವನು ನನ್ನ ಕಣ್ಣು ಮುಟ್ಟಬೇಡ ಎಂದು ಕಳಿಸಿಬಿಟ್ಟ. ಆಮೇಲೆ ಹತ್ತಿರದವರು ಒತ್ತಾಯಿಸಿದಾಗ, ಸಾಕಷ್ಟು ಲೋಕ ನೋಡಿದ್ದಾಯಿತು, ಬೇಸರ ಬಂದಿದೆ ಎಂದನಂತೆ. ಕತೆ ಅಷ್ಟೇ, ಸಾಕ್ಷಿ ಕೇಳಬೇಡ ಎಂದು ಡಾಕ್ಟರೇ ಹೇಳಿದರು.

ಆದರೆ ಆ ಪ್ರಶ್ನೆ ಮುಂದೆ ಪೇಟೆಯ ಕಾನೂನೇ ಆಯಿತು. ಹನ್ನೆರಡನೆಯ ಶತಮಾನದ ಸಿರಿಯಾದಲ್ಲಿ ಪೇಟೆಯ ತೂಕ, ಅಳತೆ, ಕಲಬೆರಕೆ ನೋಡುವ ಅಧಿಕಾರಿಗಾಗಿ ಶೈಝರಿ ಎಂಬಾತ ಒಂದು ಕೈಪಿಡಿ ಬರೆದ. ಕಣ್ಣಿನ ವೈದ್ಯರನ್ನು ಹುನೈನ್‌ನ ಹತ್ತು ಪ್ರಬಂಧಗಳ ಮೇಲೆ ಪರೀಕ್ಷಿಸಬೇಕು, ಪದರಗಳೆಷ್ಟು, ರೋಗಗಳೆಷ್ಟು ಎಂದು ಬಲ್ಲವನನ್ನು ಮಾತ್ರ ಕೆಲಸಕ್ಕೆ ಬಿಡಬೇಕು, ಬೀದಿಬೀದಿ ತಿರುಗುವ ಕಹ್ಹಾಲರನ್ನು ನಂಬಬಾರದು ಎಂದು ಅದರಲ್ಲಿ ಹೇಳಿದ್ದಾನೆ. ಬೀದಿಯ ಸೂಜಿಯವರು ಅಷ್ಟಕ್ಕೆಲ್ಲ ಹೋಗಲಿಲ್ಲ. ನಮ್ಮ ದೇಶದಲ್ಲೂ ಮೊನ್ನೆಮೊನ್ನೆಯವರೆಗೆ ಇದ್ದರು. ಮದ್ರಾಸಿನ ಕಣ್ಣಾಸ್ಪತ್ರೆಯಲ್ಲಿದ್ದ ಎಲಿಯಟ್ ಎಂಬ ಇಂಗ್ಲಿಷ್ ಡಾಕ್ಟರು 1917ರಲ್ಲಿ ಲಂಡನ್ನಿನಲ್ಲಿ ಇದರ ಮೇಲೆಯೇ ಉಪನ್ಯಾಸ ಕೊಟ್ಟರು, ಪೊರೆ ಒತ್ತಿಸಿಕೊಂಡು ಹಾಳಾದ ಕಣ್ಣುಗಳನ್ನು ಅಷ್ಟು ನೋಡಿದ್ದರು.

ಇಲ್ಲಿಗೆ ಬರುವಷ್ಟರಲ್ಲಿ ಸಿಪ್ಪೆ ಉರಿದು ಬೂದಿಯಾಗಿತ್ತು. ಇನ್ನೊಂದು ಬುಟ್ಟಿ ಸುರಿದೆ. ಹುಡುಗನ ಕೈ ಮೊಣಕಾಲಿನ ಮೇಲೇ ಇತ್ತು.

ಕೊನೆಗೆ ಹೇಳಿದ್ದು ಅಲೆಪ್ಪೋ ಊರಿನ ಖಲೀಫನ ಸಂಗತಿ. ಖಲೀಫ ಎಂಬುದು ಅವನ ಹೆಸರು, ದೊರೆಯಲ್ಲ. ಹದಿಮೂರನೆಯ ಶತಮಾನದ ಕಣ್ಣಿನ ವೈದ್ಯ, ಪುಸ್ತಕದಲ್ಲಿ ತನ್ನ ಚಾಕು, ಕತ್ತರಿ, ಕೊಕ್ಕೆಗಳ ಚಿತ್ರ ಬರೆದಿಟ್ಟವನು. ಇದ್ದ ಒಂದೇ ಕಣ್ಣಿಗೆ ಪೊರೆ ಬಂದವನಿಗೂ ಸೂಜಿ ಹಾಕುವಷ್ಟು ಅವನಿಗೆ ತನ್ನ ಕೈಯ ಮೇಲೆ ಭರವಸೆಯಿತ್ತು. ಯೋಚಿಸಿ. ತಪ್ಪಿದರೆ ಎದುರಿನವನಿಗೆ ಪೂರ್ತಿ ಕತ್ತಲೆ. ವೈದ್ಯನ ಧೈರ್ಯವನ್ನು ಎಲ್ಲರೂ ಹೊಗಳುತ್ತಾರೆ. ನಾನು ನೆನೆಯುವುದು ಆ ಒಕ್ಕಣ್ಣನ ಧೈರ್ಯವನ್ನು.

ಜೀಪು ಬಂದದ್ದು ರಾತ್ರಿ ಒಂಬತ್ತಕ್ಕೆ. ಏಳುವಾಗ ನನಗೂ ಏನೋ ಹುಮ್ಮಸ್ಸು ಬಂದು, "ಡಾಕ್ಟರ್, ಕಣ್ಣಿಗೆ ಎಷ್ಟು ಪದರ?" ಎಂದು ಕೇಳಿಬಿಟ್ಟೆ. ಅವರು ಮೊದಲ ಬಾರಿಗೆ ಗಟ್ಟಿಯಾಗಿ ನಕ್ಕರು. "ಹುನೈನ್‌ಗೆ ಏಳು. ನಾನು ಓದಿದ ಪುಸ್ತಕದಲ್ಲಿ ಮೂರು. ನಿನಗೆ ಬೇಕಾದ್ದು ಒಂದೇ, ಕನ್ನಡಕ" ಎಂದರು. ಎರಡು ದಿನ ಬಿಟ್ಟು ಹೋದಾಗ ತುಕ್ಕಿನ ಉಂಗುರ ತೆಗೆದರು. ಮತ್ತೆ ಅವರನ್ನು ನೋಡಲಿಲ್ಲ. ಅವರು ಬರೆದ ಸೂಜಿಯ ಚಿತ್ರದ ಚೀಟಿ ನನ್ನ ಪಾಸ್‌ಪೋರ್ಟಿನೊಳಗೆ ಬಹಳ ವರ್ಷ ಇತ್ತು. ಅವರು ಹೇಳಿದ್ದು ಎಷ್ಟು ನಿಜ ಎಂದು ಆಮೇಲೆ ಸಿಕ್ಕಿದ ಕಡೆಯೆಲ್ಲ ಓದಿ ತಾಳೆ ನೋಡಿದ್ದೇನೆ, ಹೆಚ್ಚೇನೂ ತಪ್ಪಿರಲಿಲ್ಲ. ಅಮೆರಿಕದ ಕಣ್ಣಿನ ವೈದ್ಯ ಕೆಲ್ಮನ್ 1967ರಲ್ಲಿ ಶುರು ಮಾಡಿದ ಪೊರೆಯ ಶಸ್ತ್ರಕ್ರಿಯೆ ಈಗ ನಮ್ಮ ತಾಲೂಕಿನಲ್ಲೂ ಆಗುತ್ತದೆ. ಅದರಲ್ಲೂ ಟೊಳ್ಳು ಸೂಜಿಯೇ. ಧ್ವನಿಯ ಕಂಪನದಿಂದ ಪೊರೆಯನ್ನು ಪುಡಿ ಮಾಡಿ ಹೀರುತ್ತದೆ. ಹೋದ ವರ್ಷ ನನ್ನ ಬಲಗಣ್ಣಿಗೆ ಹದಿನೈದು ನಿಮಿಷದಲ್ಲಿ ಮುಗಿಯಿತು.

ಹುಡುಗ ಆ ರಾತ್ರಿ ನಮ್ಮ ಜಗುಲಿಯಲ್ಲೇ ಮಲಗಿದ. ಬೆಳಿಗ್ಗೆ ನೀರು ಇಳಿದಿತ್ತು, ಏಳರ ಬಸ್ಸಿಗೆ ಪೇಟೆಗೆ ಕಳಿಸಿದೆ. ಮಧ್ಯಾಹ್ನ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬಂದ.

"ತೆಗೆದ್ರು ಮಾವ. ತುಕ್ಕು ಉಳಿದಿದೆಯಂತೆ, ನಾಡಿದ್ದು ಮತ್ತೆ ಹೋಗ್ಬೇಕು. ಪದರ ಎಷ್ಟು ಅಂತ ಕೇಳೋಕೆ ಧೈರ್ಯ ಬರ್ಲಿಲ್ಲ."

ಗ್ರೈಂಡರ್ ಹಿಡಿಯುವವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು. ಕಣ್ಣಿನ ಪಕ್ಕವೂ ಮುಚ್ಚುವ ಕನ್ನಡಕ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ. ಗೀರು ಬಿದ್ದ ದಿನವೇ ಬದಲಾಯಿಸಿ, ಹಣೆಯ ಮೇಲೆ ಏರಿಸಿಕೊಳ್ಳಬೇಡಿ.